ಹಿತ್ತಾಳೆ ಲೋಟದ ಸರದಿ

ತೊಳೆದು ಬೋರಲು ಹಾಕಿದ ಲೋಟಗಳ ಸಾಲಿನಲ್ಲಿ ಹೊಸದಾಗಿ ಬಂದ ಸ್ಟೀಲ್ ಲೋಟಕ್ಕೆ ಒಂದು ಅನುಮಾನ ಹುಟ್ಟಿತು. ಮನೆ ಯಜಮಾನ ದೊಡ್ಡೀರಯ್ಯ ನೀರಿಗೆ ಬಂದಾಗಲೆಲ್ಲ ಮೊಣಕೈ ಮೇಲೆತ್ತಿ, ಹೆಬ್ಬೆರಳು ಕೆಳಗೆ ಮಾಡಿ, ಕೈ ತಿರುಚಿ ತನ್ನನ್ನು ಹಿಡಿಯುತ್ತಿದ್ದ.

"ಹಿತ್ತಾಳೆ ಅಕ್ಕ, ನೆಟ್ಟಗೆ ಹಿಡಿಯೋಕೆ ಇವನಿಗೇನು ದಾಡಿ?" ಎಂದು ಪಕ್ಕದ ಲೋಟವನ್ನು ಕೇಳಿತು.

"ನಿನ್ನನ್ನು ಮಗುಚಿ ನೀರು ತುಂಬಬೇಕಲ್ಲ ತಮ್ಮ. ಹಿಡಿಯುವಾಗ ತಿರುಚಿದರೆ ಕುಡಿಯುವಾಗ ಕೈ ನೆಟ್ಟಗಾಗುತ್ತೆ."

"ಮತ್ತೆ ನಿನ್ನನ್ನು ಮಾತ್ರ ಯಾಕೆ ನೆಟ್ಟಗೇ ಹಿಡೀತಾನೆ?"

ಹಿತ್ತಾಳೆ ಲೋಟ ತೀರಿಹೋದ ಅವನ ಹೆಂಡತಿಯದು.

"ನನ್ನನ್ನು ಮಗುಚೋದಿಲ್ಲವಲ್ಲ. ಧೂಳು ಒರೆಸಿ, ಇದ್ದ ಹಾಗೇ ಇಡ್ತಾನೆ. ಹೀಗೇ ಆದರೆ ನೀರು ಅಂದರೇನು ಅನ್ನೋದೇ ಮರೆತುಬಿಡ್ತೀನಿ."

ಒಂದು ಮಧ್ಯಾಹ್ನ ಆ ಹೆಂಡತಿಯ ತಂಗಿ ಬಿಸಿಲಲ್ಲಿ ನಡೆದು ಬಂದಳು.

"ಭಾವ, ಗಂಟಲು ಒಣಗಿದೆ. ಒಂದು ಲೋಟ ನೀರು ಕೊಡಿ."

ಸ್ಟೀಲ್ ಲೋಟ ತನ್ನ ಸರದಿ ಎಂದುಕೊಂಡಿತು. ಕೈ ಅದರ ಹತ್ತಿರ ಬಂತು, ಅದನ್ನು ದಾಟಿತು, ಹಿತ್ತಾಳೆಯ ಮುಂದೆ ನಿಂತಿತು. ಬಹಳ ಹೊತ್ತು ನಿಂತೇ ಇತ್ತು.

ಸ್ಟೀಲ್ ಲೋಟ ಆ ಕೈಯನ್ನೇ ನೋಡಿತು.

"ಅಕ್ಕ," ಎಂದಿತು ಮೆಲ್ಲಗೆ, "ಮೊಣಕೈ ಮೇಲೇಳ್ತಾ ಇದೆ."