ಅಂಚಿಲ್ಲದ ಪಟ್ಟಿ

ಉತ್ತರ ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ಸಂಗನಬಸಪ್ಪ ಹಳೇಮನಿ ಎಂಬ ಪ್ರೊಫೆಸರ್ ಇದ್ದರು. ಘನವಸ್ತುಗಳ ಬಗ್ಗೆ ಅವರಿಗೆ ಗೊತ್ತಿಲ್ಲದ್ದು ಕಡಿಮೆ. ಆದರೆ ಯಾವ ಘನವಸ್ತುವನ್ನೂ ಅವರು ಕೈಯಲ್ಲಿ ಹಿಡಿದು ಪರೀಕ್ಷಿಸಿದವರಲ್ಲ. ಅವರದು ಸೈದ್ಧಾಂತಿಕ ಭೌತವಿಜ್ಞಾನ. ಕಬ್ಬಿಣವಾಗಲಿ, ಉಪ್ಪಾಗಲಿ, ಅವರ ಮೇಜಿಗೆ ಬರುವಾಗ ಸಮೀಕರಣವಾಗಿಯೇ ಬರಬೇಕು.

ಈ ವಿದ್ಯೆಯಲ್ಲಿ ಒಂದು ಹಳೆಯ ರೂಢಿ ಇದೆ. ಯಾವ ವಸ್ತುವಿಗಾದರೂ ಅಂಚು ಇರುತ್ತದೆ. ಅಂಚು ಬಂದರೆ ಲೆಕ್ಕ ತೊಡಕಾಗುತ್ತದೆ. ಒಳಗಿನ ಪರಮಾಣುವಿಗೆ ಸುತ್ತಲೂ ನೆರೆಹೊರೆ ಉಂಟು, ಅಂಚಿನದಕ್ಕೆ ಒಂದು ಕಡೆ ಯಾರೂ ಇಲ್ಲ. ಆದ್ದರಿಂದ ಲೆಕ್ಕ ಮಾಡುವವರು ಕೊನೆಯ ಪರಮಾಣುವನ್ನು ತಂದು ಮೊದಲನೆಯದಕ್ಕೆ ಗಂಟು ಹಾಕುತ್ತಾರೆ. ಕಾಗದದ ಮೇಲೆ, ಅಷ್ಟೇ. ಅಂಚು ಮಾಯವಾಗುತ್ತದೆ, ಲೆಕ್ಕ ಸರಾಗವಾಗುತ್ತದೆ. ಇದು ಮೋಸವೇನಲ್ಲ. ಒಂದು ಇಟ್ಟಿಗೆಯಲ್ಲಿ ಒಳಗಿನ ಪರಮಾಣುಗಳ ಮುಂದೆ ಅಂಚಿನವು ಎಣಿಕೆಗೇ ಇಲ್ಲ. ಅವನ್ನು ಮರೆತರೆ ಇಟ್ಟಿಗೆ ಬೇಸರಪಟ್ಟುಕೊಳ್ಳುವುದಿಲ್ಲ. ಹಳೇಮನಿಯವರು ಹೀಗೆ ಗಂಟು ಹಾಕುತ್ತಲೇ ದೊಡ್ಡ ಹೆಸರು ಮಾಡಿದ್ದರು.

ಅವರ ಬಳಿ ಶಾಕಿರಾ ನದಾಫ್ ಎಂಬ ಶಿಷ್ಯೆ ಪಿಎಚ್.ಡಿ. ಮಾಡುತ್ತಿದ್ದಳು. ಅವಳ ವಸ್ತು ಇಟ್ಟಿಗೆಯಲ್ಲ. ಒಂದೇ ಪದರದ ಪರಮಾಣುಗಳ ಹಾಳೆಯಿಂದ ಕತ್ತರಿಸಿದ ಒಂದು ಸಣ್ಣ ಪಟ್ಟಿ. ಒಂದು ತಲೆಗೂದಲಿನ ದಪ್ಪದೊಳಗೆ ಅಂಥ ಸಾವಿರಾರು ಪಟ್ಟಿಗಳನ್ನು ಪಕ್ಕಪಕ್ಕ ಜೋಡಿಸಬಹುದು. ಅದರಲ್ಲಿ ವಿದ್ಯುತ್ ಹರಿಯುತ್ತದೆಯೇ ಇಲ್ಲವೇ ಎಂಬುದು ಪ್ರಶ್ನೆ. ಹರಿಯುವುದಿಲ್ಲ ಎಂದು ಗುರುಗಳು ಮೊದಲೇ ತೋರಿಸಿದ್ದರು. ಅದನ್ನೇ ಬೇರೆ ಬೇರೆ ಅಗಲದ ಪಟ್ಟಿಗಳಿಗೆ ತೋರಿಸಿದರೆ ಶಾಕಿರಾಳಿಗೆ ಪದವಿ. ಪದವಿ ಬಂದರೆ ಒಂದು ಸಂಶೋಧನಾ ಕೇಂದ್ರದಲ್ಲಿ ಕೆಲಸ. ಗುರುಗಳು ಅಲ್ಲಿಗೆ ಹೇಳಿಟ್ಟಿದ್ದರು. ಬೇಸಿಗೆಯೊಳಗೆ ಪ್ರಬಂಧ ಮುಗಿಯಬೇಕು, ಅದೊಂದೇ ಷರತ್ತು.

ಒಂದು ಬೆಳಿಗ್ಗೆ ಶಾಕಿರಾ ಗುರುಗಳ ಕೋಣೆಗೆ ಹೋದಳು.

“ಸರ್, ಇದರಾಗ ಗಂಟು ಹಾಕೋದು ಸರಿ ಅನಸೂದಿಲ್ರಿ.”

“ಯಾಕವಾ?”

“ಪಟ್ಟಿ ಅಗಲ ಇರೋದ ಇಷ್ಟು. ಈ ಕಡಿ ಅಂಚು ಒಯ್ದು ಆ ಕಡಿ ಅಂಚಿಗೆ ಕಟ್ಟಿದ್ರ ಅದು ಪಟ್ಟಿ ಅಲ್ರಿ, ಕೊಳವಿ ಆತು.”

“ಎಲ್ಲಾರೂ ಹಂಗ ಕಟ್ಟತಾರ.”

“ಎಲ್ಲಾರೂ ಕೊಳವಿ ಬಗ್ಗೆ ಬರದಾರ್ರಿ ಸರ್. ಹೆಸರು ಮಾತ್ರ ಪಟ್ಟಿ ಅಂತ ಇಟ್ಟಾರ.”

ಗುರುಗಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೋಡವಾ, ಅಂಚು ಹಿಡಕೊಂಡು ಕುಂತರ ಈ ಬ್ಯಾಸಗಿ ಅಲ್ಲ, ಮುಂದಿನ ಬ್ಯಾಸಗೀನೂ ಸಾಕಾಗೂದಿಲ್ಲ. ಆಮ್ಯಾಲೆ ನನಗ ಅನಬ್ಯಾಡ.”

“ಅನ್ನೂದಿಲ್ರಿ.”

ಶಾಕಿರಾಳ ಪಕ್ಕದ ಮೇಜಿನಲ್ಲಿ ದುಂಡೇಶ ಕರಿಗಾರ ಎಂಬ ಸಹಪಾಠಿ ಕೂರುತ್ತಿದ್ದ. ಅವನು ಎಲ್ಲ ಅಂಚುಗಳಿಗೂ ಗಂಟು ಹಾಕಿ, ತನ್ನ ಪ್ರಬಂಧ ಮುಗಿಸಿ, ಹಾಯಾಗಿದ್ದ.

“ಏನವಾ ಶಾಕಿರಾ, ಗಂಟು ಬಿಚ್ಚೋ ಕೆಲಸ ಹಿಡದಿ ಅಂತ?”

“ಹಾಕಿದವರು ಬಿಚ್ಚಲಿಲ್ಲಂದ್ರ ಯಾರರ ಬಿಚ್ಚಬೇಕಲ್ಲೋ ದುಂಡ್ಯಾ.”

ಶಾಕಿರಾ ಗಂಟು ಬಿಚ್ಚಿದಳು. ಸರಾಗವಾಗಿದ್ದ ಲೆಕ್ಕ ಬೆಟ್ಟವಾಯಿತು. ವಿಭಾಗದ ಕಂಪ್ಯೂಟರು ಅದನ್ನು ನುಂಗಲಾರದೆ ಪದೇ ಪದೇ ನಿಂತಿತು. ಅವಳು ಪದೇ ಪದೇ ಶುರುಮಾಡಿದಳು. ಕೊನೆಗೆ ಉತ್ತರ ಬಂತು. ವಿದ್ಯುತ್ ಹರಿಯುತ್ತದೆ. ನಡುವೆ ಅಲ್ಲ, ಅಂಚಿನ ಗುಂಟ.

ಗುರುಗಳು ಮೊದಲು ಅದನ್ನು ನೋಡಲು ಒಪ್ಪಲಿಲ್ಲ. ಆಮೇಲೆ ನೋಡಿದರು. ಬಾಗಿಲು ಹಾಕಿಕೊಂಡು, ಸೀಮೆಸುಣ್ಣ ಹಿಡಿದು, ಕಪ್ಪು ಹಲಗೆಯ ಮೇಲೆ ತಾವೇ ಮಾಡಿ ನೋಡಿದರು. ತಪ್ಪು ಸಿಗಲಿಲ್ಲ. ಹಳೇಮನಿಯವರಲ್ಲಿ ಬೇರೆ ದೋಷಗಳಿದ್ದವು. ಕಣ್ಣಿಗೆ ಕಂಡದ್ದನ್ನು ಇಲ್ಲ ಎನ್ನುವ ದೋಷ ಇರಲಿಲ್ಲ. ವಿಭಾಗದ ಸೆಮಿನಾರಿನಲ್ಲಿ ಎದ್ದು ನಿಂತು, “ಈ ಹುಡುಗಿ ಹೇಳೋದು ಖರೆ ಅದ. ನಾ ಇಷ್ಟು ವರ್ಷ ಕೊಳವಿ ಲೆಕ್ಕ ಮಾಡೇನಿ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ದುಂಡೇಶನೂ ತಟ್ಟಿದ, ಸ್ವಲ್ಪ ತಡವಾಗಿ.

ಕಥೆ ಇಲ್ಲಿಗೇ ನಿಂತಿದ್ದರೆ ಹಠ ಮಾಡಿದ ಶಿಷ್ಯೆ ಗೆದ್ದ ಕಥೆಯಾಗುತ್ತಿತ್ತು. ಅಂಥವು ನಿಮ್ಮ ಮೊಬೈಲಿಗೆ ದಿನಾ ಬೆಳಿಗ್ಗೆ ಬರುತ್ತವೆ.

ಪ್ರಬಂಧ ಒಪ್ಪಿಸಲು ಕೆಲವೇ ದಿನ ಉಳಿದಿತ್ತು. ಶಾಕಿರಾ ಅದಕ್ಕೊಂದು ಚಿತ್ರ ಬರೆಯುತ್ತಿದ್ದಳು. ಪ್ರತಿ ಪರಮಾಣು ಒಂದು ಚುಕ್ಕೆ. ಚುಕ್ಕೆಯಿಂದ ಹೊರಟ ಮೂರು ಗೆರೆಗಳು ಅದರ ಮೂರು ಕೈ. ಒಳಗಿನವು ಒಂದನ್ನೊಂದು ಕೈ ಹಿಡಿದುಕೊಂಡಿದ್ದವು. ದುಂಡೇಶ ಚಹಾ ತಂದು ಪರದೆಯ ಮೇಲೆ ಬಗ್ಗಿ ನೋಡಿದ.

“ಪಾಪ, ನಿನ್ನ ಅಂಚಿನ ಪರಮಾಣುಗೋಳು ನೋಡಬೇ. ಒಂದೊಂದು ಕೈ ಹೊರಗ ಚಾಚಿ ಬಸ್ಸಿಗೆ ಕೈ ಮಾಡಾಕತ್ತಾವ.”

ಶಾಕಿರಾ ನಗಲಿಲ್ಲ. ಚಹಾದ ಲೋಟ ಕೆಳಗಿಟ್ಟಳು.

ಪರಮಾಣುಗಳು ಬರಿಗೈಯಲ್ಲಿ ನಿಲ್ಲುವುದಿಲ್ಲ. ನಿಜವಾದ ಪಟ್ಟಿಯನ್ನು ಕತ್ತರಿಸಿದ ಕೂಡಲೇ ಅಂಚಿನ ಆ ಖಾಲಿ ಕೈ ಏನನ್ನಾದರೂ ಹಿಡಿಯುತ್ತದೆ. ಸಾಮಾನ್ಯವಾಗಿ ಜಲಜನಕವನ್ನು. ಇದು ಕಾಲೇಜಿನ ಮಕ್ಕಳಿಗೂ ಗೊತ್ತು. ಆದರೆ ಕಾಗದದ ಮೇಲೆ ವಸ್ತು ಕತ್ತರಿಸುವವರ ಲೋಕದಲ್ಲಿ ಗಾಳಿ ಇಲ್ಲ, ತೇವ ಇಲ್ಲ, ಜಲಜನಕವೂ ಇಲ್ಲ. ನಾವು ತಂದಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಅಂಚನ್ನು ಮರೆತ ಗುರುವನ್ನು ತಿದ್ದಿದ ಶಿಷ್ಯೆ ಅಂಚಿನ ಕೈಯನ್ನು ಮರೆತಿದ್ದಳು.

ಅವಳು ಪ್ರತಿ ಖಾಲಿ ಕೈಗೂ ಒಂದು ಜಲಜನಕ ಕೊಟ್ಟು ಮತ್ತೆ ಲೆಕ್ಕ ಮಾಡಿದಳು. ವಿದ್ಯುತ್ ನಿಂತುಹೋಯಿತು.

“ಸುಮ್ಮನಿರು” ಎಂದ ದುಂಡೇಶ. ಅವನು ಕೆಟ್ಟವನಲ್ಲ. “ಸರ್ ನೋಡ್ಯಾರ, ವಿಭಾಗದಾಗ ಎಲ್ಲಾರೂ ನೋಡ್ಯಾರ. ಯಾರಿಗೂ ಕಂಡಿಲ್ಲ. ನೀ ಯಾಕ ತೋರಸಾಕ ಹೋಗ್ತಿ?”

“ನಿನಗ ಕಂಡಿತಲ್ಲೋ.”

“ನಾ ಚ್ಯಾಷ್ಟಿ ಮಾಡಿದ್ನೆವಾ!”

ಶಾಕಿರಾ ಆ ಸಂಜೆ ವಿಭಾಗದ ಮುಂದಿನ ಕಟ್ಟೆಯ ಮೇಲೆ ಕೂತು ಯೋಚಿಸಿದಳು. ಸುಮ್ಮನಿದ್ದರೆ ಪದವಿ, ಕೆಲಸ ಎರಡೂ ಕೈಯಲ್ಲಿದ್ದವು. ಹೇಳಿದರೆ ಎರಡೂ ಇಲ್ಲ, ಮೇಲೆ ನಗೆಪಾಟಲು. ಗುರುವಿನೊಡನೆ ಜಗಳವಾಡಿ ಗೆದ್ದ ಉತ್ತರವನ್ನು ತಾನೇ ಹೋಗಿ ತಪ್ಪು ಎನ್ನಬೇಕು. ಯೋಚನೆ ಬಹಳ ಹೊತ್ತು ನಡೆಯಿತು. ತೀರ್ಮಾನ ಮಾತ್ರ ಕೂರುವ ಮೊದಲೇ ಆಗಿತ್ತು.

“ಸರ್, ನನ್ನ ಉತ್ತರ ತಪ್ಪೈತ್ರಿ.”

ಗುರುಗಳು ಎಲ್ಲವನ್ನೂ ಕೇಳಿದರು. ಅವರ ಮುಖ ಸ್ವಲ್ಪ ಅರಳಿತು ಎಂದೇ ಹೇಳಬೇಕು. “ಅಂದ್ರ ನಂದ ಖರೆ ಆತಲ್ಲವಾ?”

“ಇಲ್ರಿ ಸರ್. ನಿಮ್ಮದೂ ತಪ್ಪ.”

“ಎರಡರಾಗೂ ಕರೆಂಟ್ ಹರಿಯೂದಿಲ್ಲ ಅಂತ ಬಂತಲ್ಲ?”

“ನಿಮ್ಮದರಾಗ ಅಂಚ ಇಲ್ರಿ. ಇಲ್ಲದ ಅಂಚಿನಾಗ ಹರಿಯೂದಿಲ್ಲ ಅಂದ್ರ ಅದೇನು ಉತ್ತರರಿ? ಈ ಪಟ್ಟೀನ ನಾ ಹಾಳಿಯಿಂದ ಉದ್ದ ದಿಕ್ಕಿನಾಗಷ್ಟ ಕತ್ತರಿಸಿ ನೋಡೇನಿ. ಅಡ್ಡ ಕತ್ತರಿಸಿದ್ರ ಅಂಚಿನ ಜೋಡಣಿನ ಬ್ಯಾರೆ ಆಗ್ತದ. ಕೈಗೆ ಜಲಜನಕ ಕೊಟ್ಟು ಅದನ್ನೂ ನೋಡಬೇಕ್ರಿ.”

“ಮೊದಲಿಂದ?”

“ಮೊದಲಿಂದ.”

“ಆ ಕೆಲಸ ಹೋಗ್ತದವಾ. ಅವರು ಕಾಯೂದಿಲ್ಲ.”

“ಹೋಗ್ಲಿ ಬಿಡ್ರಿ.”

ಕೆಲಸ ಹೋಯಿತು. ಅದು ದುಂಡೇಶನಿಗೆ ಸಿಕ್ಕಿತು. ಅವನು ಈಗಲೂ ಅಲ್ಲಿ ಚೆನ್ನಾಗಿದ್ದಾನೆ. ನೀತಿಕಥೆಗಳಲ್ಲಿ ಇಂಥವರಿಗೆ ಏನಾದರೂ ಆಗಬೇಕೆಂದು ಓದುಗರು ಬಯಸುತ್ತಾರೆ. ಏನೂ ಆಗಲಿಲ್ಲ.

ಶಾಕಿರಾ ಒಂದು ಪದವಿ ಕಾಲೇಜಿನಲ್ಲಿ ಪಾಠ ಮಾಡಲು ಸೇರಿದಳು. ಪಾಠ ಮುಗಿಸಿ ವಿಭಾಗಕ್ಕೆ ಬಂದು ಲೆಕ್ಕ ಹಾಕುತ್ತಿದ್ದಳು. ಈಗ ಗುರುಗಳೂ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಬೇಸಿಗೆ ಬಂತು, ಹೋಯಿತು. ಇನ್ನೊಂದೂ ಬಂತು. ಕೊನೆಗೆ ಸಿಕ್ಕ ಉತ್ತರ ಹೀಗಿತ್ತು: ಹಾಳೆಯಿಂದ ಪಟ್ಟಿಯನ್ನು ಉದ್ದ ಕತ್ತರಿಸಿದರೆ ವಿದ್ಯುತ್ ಹರಿಯುವುದಿಲ್ಲ, ಅಡ್ಡ ಕತ್ತರಿಸಿದರೆ ಅಂಚಿನ ಗುಂಟ ಹರಿಯುತ್ತದೆ. ವಸ್ತು ಒಂದೇ, ಅಂಚು ಬೇರೆ.

ಇದು ಪ್ರಕಟವಾದ ಮೇಲೆ ದೂರದ ಊರಿನ ಒಂದು ಪ್ರಯೋಗಾಲಯದವರು ನಿಜವಾದ ಪಟ್ಟಿ ಕತ್ತರಿಸಿ ಅಳೆಯಲು ಹೊರಟರು. ಅಲ್ಲಿನ ಮುಖ್ಯಸ್ಥೆ ಡಾ. ಮಂದಾಕಿನಿ ಭಂಡಾರಿ ಒಂದು ಮಧ್ಯಾಹ್ನ ಫೋನ್ ಮಾಡಿದರು.

“ಶಾಕಿರಾ, ಸಿಹಿ ಸುದ್ದಿ ಕಣಮ್ಮ. ಅಡ್ಡ ಕತ್ತರಿಸಿದ್ದರಲ್ಲಿ ಕರೆಂಟ್ ಹರೀತಿದೆ!”

ಪಕ್ಕದಲ್ಲಿದ್ದ ಗುರುಗಳು ಕುರ್ಚಿಯಿಂದ ಎದ್ದೇಬಿಟ್ಟರು. ಶಾಕಿರಾ ಕೇಳಿದಳು, “ಉದ್ದ ಕತ್ತರಿಸಿದ್ದರಲ್ಲಿ, ಮೇಡಂ?”

“ಅದನ್ನಿನ್ನೂ ನೋಡಿಲ್ಲ. ಇದು ಬಂತಲ್ಲ, ಖುಷಿಪಡು.”

“ಅದರಲ್ಲೂ ಹರಿದರೆ ನನ್ನ ಉತ್ತರ ತಪ್ಪು, ಮೇಡಂ. ದಯವಿಟ್ಟು ಅದನ್ನೂ ಅಳೆಯಿರಿ.”

ಆ ಕಡೆಯಿಂದ ಒಂದು ನಿಟ್ಟುಸಿರು ಕೇಳಿಸಿತು. ಅಳೆಯುವ ಕೆಲಸ ಮಾಡುವವರಿಗೆ ಲೆಕ್ಕ ಮಾಡುವವರ ಮೇಲೆ ಇರುವ ಹಳೆಯ ನಿಟ್ಟುಸಿರು ಅದು. ಆದರೂ ಅವರು ಅಳೆದರು. ಕೆಲವು ವಾರಗಳ ನಂತರ ಮತ್ತೆ ಫೋನ್ ಬಂತು.

“ಹರಿಯಲಿಲ್ಲಮ್ಮ. ಎಷ್ಟು ಸಲ ನೋಡಿದರೂ ಒಂದು ಹನಿಯೂ ಇಲ್ಲ.”

ಅಂದು ಶಾಕಿರಾ ಇಡೀ ವಿಭಾಗಕ್ಕೆ ಮಿರ್ಚಿ, ಗಿರ್ಮಿಟ್ ತರಿಸಿದಳು. ನಮ್ಮ ರಾಜ್ಯದಲ್ಲಿ ಕರೆಂಟ್ ಬರಲಿಲ್ಲ ಎಂದು ಸಂತೋಷಕೂಟ ಮಾಡಿದವರು ಬಹುಶಃ ಅವಳೊಬ್ಬಳೇ.

ನೀತಿ: ಹಠ ಪ್ರಶ್ನೆಯ ಮೇಲಿರಲಿ, ಉತ್ತರದ ಮೇಲೆ ಬೇಡ. ಗುರುವಿನ ಉತ್ತರವನ್ನು ಎಷ್ಟು ಅನುಮಾನದಿಂದ ನೋಡುತ್ತೀರೋ, ನಿಮ್ಮದನ್ನು ಅದಕ್ಕಿಂತ ಒಂದು ಪಾಲು ಹೆಚ್ಚು ಅನುಮಾನದಿಂದ ನೋಡಿ.