ಅರಸ ಮತ್ತೆ ಕೇಳಿದ ಪ್ರಶ್ನೆ

ಹೊಳೆಯ ದಂಡೆಯಲ್ಲಿ ಕಲ್ಲಿನಾಥರೆಂಬ ಗುರುಗಳ ಆಶ್ರಮವಿತ್ತು. ಜನರ ನಡುವೆ ಬದುಕಿ ಜನರನ್ನು ಅರಿಯುವುದು ಅವರು ಕಲಿಸುತ್ತಿದ್ದ ವಿದ್ಯೆ.

ಒಂದು ವರ್ಷ ನೆರೆ ಬಂದು ಬೆಸ್ತರ ಗುಡಿಸಲುಗಳು ಕೊಚ್ಚಿಹೋದವು. ಅರಸ ಗುಡ್ಡದಾಚೆ ಅವರಿಗೆ ಕಲ್ಲಿನ ಮನೆ ಕಟ್ಟಿಸಿಕೊಟ್ಟ. ಬೆಸ್ತರು ಅಲ್ಲಿ ನಿಲ್ಲಲಿಲ್ಲ. ಮತ್ತೆ ದಂಡೆಗೇ ಬಂದು ಗುಡಿಸಲು ಹಾಕಿಕೊಂಡರು.

"ಇವರೇಕೆ ಹೀಗೆ? ತಿಳಿದು ಹೇಳಿ," ಎಂದು ಅರಸ ಗುರುಗಳಿಗೆ ಹೇಳಿಕಳಿಸಿದ.

ಗುರುಗಳು ಬೊಪ್ಪದೇವನೆಂಬ ಶಿಷ್ಯನನ್ನು ಕಳಿಸಿದರು. ಅವನು ಮಳೆಗಾಲವಿಡೀ ದ್ಯಾಮವ್ವನೆಂಬ ಬೆಸ್ತರ ಮುದುಕಿಯ ಗುಡಿಸಲಲ್ಲಿದ್ದು, ಅವರೊಡನೆ ಬಲೆ ಎಳೆದ. ದೋಣಿ ಹೊರಟ ಮೇಲೆ ಹೆಂಗಸರು ಅಡುಗೆ ಮಾಡುತ್ತಲೂ ಹೊಳೆಯ ಕಡೆಗೇ ಮುಖ ಮಾಡಿರುತ್ತಿದ್ದರು.

"ಆ ಮನೆಯಿಂದ ದೋಣಿ ಕಾಣಲ್ಲ, ತಮ್ಮಾ," ಎಂದಳು ದ್ಯಾಮವ್ವ. "ಹೋದೋರು ಬರೋದು ಕಾಣದೆ ತುತ್ತು ಹೆಂಗೆ ಇಳಿದೀತು?"

ಬೊಪ್ಪದೇವ ಅರಮನೆಗೆ ಹೋದ. "ಪ್ರಭು, ಗುಡ್ಡದ ಈ ಮಗ್ಗುಲಲ್ಲಿ, ಹೊಳೆ ಕಾಣುವಂತೆ ಮನೆ ಕಟ್ಟಿಸಿ. ಅವರು ತಾವಾಗಿಯೇ ಬರುತ್ತಾರೆ."

ಅರಸ ಗಮನವಿಟ್ಟು ಕೇಳಿದ. ಶಾಲು ಹೊದಿಸಿ ಕಳಿಸಿದ. ಆಮೇಲೆ ಕಾವಲಿನವರನ್ನು ಕಳಿಸಿ ಬೆಸ್ತರನ್ನೆಲ್ಲ ಗುಡ್ಡದಾಚೆಗೇ ಸಾಗಿಸಿದ.

ಅಂದಿನಿಂದ ಬೊಪ್ಪದೇವ ಅರಮನೆಯ ದಾರಿ ನೋಡುತ್ತ ಕೂರತೊಡಗಿದ. ಊಟ ಸೇರುತ್ತಿರಲಿಲ್ಲ.

"ಯಾರಿಗೆ ಕಾಯುತ್ತಿದ್ದೀ?" ಎಂದು ಗುರುಗಳು ಕೇಳಿದರು.

"ಅರಸರ ಕರೆಗೆ. ನಾನು ಸರಿಯಾಗಿ ಹೇಳಲಿಲ್ಲವೇನೋ. ಇನ್ನೊಮ್ಮೆ ಕರೆದರೆ ಇನ್ನೂ ಚೆನ್ನಾಗಿ ಹೇಳುತ್ತೇನೆ."

"ಅವರಿಗೆ ಅರ್ಥವಾಗಲಿಲ್ಲವೇ?"

"ಅರ್ಥವಾಯಿತು, ಗುರುಗಳೇ. ಅವರ ಕಣ್ಣು ಒದ್ದೆಯಾಗಿತ್ತು."

"ಗುಡ್ಡದ ಈ ಮಗ್ಗುಲು ಯಾರದು?"

"ದಂಡನಾಯಕರದು."

"ಬೆಸ್ತರನ್ನು ನೋಡಿಬಂದೆಯಾ?"

"ಯಾವ ಮುಖ ಹೊತ್ತು ಹೋಗಲಿ?"

"ಇರುವ ಮುಖವನ್ನೇ ಹೊತ್ತು ಹೋಗು."

ಅವನು ಹೋದ. ದ್ಯಾಮವ್ವ ಮನೆಯಲ್ಲಿರಲಿಲ್ಲ. ಗುಡ್ಡದ ನೆತ್ತಿಯಲ್ಲಿ, ಬಿಸಿಲಲ್ಲಿ, ಹೊಳೆ ನೋಡುತ್ತ ಕೂತಿದ್ದಳು. ಅವನನ್ನು ಕಂಡು ಪಕ್ಕದಲ್ಲಿ ಜಾಗ ಬಿಟ್ಟಳು.

"ನಾ ಅಂದದ್ದು ಅರಸಗೆ ಮುಟ್ಟಿಸಿದೆಯಾ?"

"ಮುಟ್ಟಿಸಿದೆ, ಅವ್ವಾ."

"ಏನಂದ?"

"ಕೇಳಿಕೊಂಡರು."

ಕೊನೆಯ ದೋಣಿ ದಡ ಸೇರುವವರೆಗೆ ಇಬ್ಬರೂ ಅಲ್ಲೇ ಕೂತಿದ್ದರು.

ಅವನು ಆಶ್ರಮಕ್ಕೆ ಮರಳಿದಾಗ ಅಂಗಳದಲ್ಲಿ ಅರಮನೆಯ ಕುದುರೆ ನಿಂತಿತ್ತು. ದೂತ ಕೈಮುಗಿದು, ಅರಸರು ಬೊಪ್ಪದೇವರನ್ನೇ ಕೇಳಿದ್ದಾರೆ ಎಂದ. ಬೊಪ್ಪದೇವನ ಎದೆ ತುಂಬಿ ಬಂತು.

"ಏನಂತೆ?"

"ಬೆಸ್ತರು ಗುಡ್ಡದಾಚೆಯ ಮನೆಗಳಲ್ಲಿ ಸುಖವಾಗಿಲ್ಲವಂತೆ. ಯಾಕೆಂದು ತಾವು ತಿಳಿದು ಹೇಳಬೇಕಂತೆ."

ದೂತ ಹೋದ ಮೇಲೆ ಬೊಪ್ಪದೇವ ಗುರುಗಳ ಬಳಿಗೆ ಬಂದ.

"ಇದಕ್ಕೆ ಆಗಲೇ ಉತ್ತರ ಕೊಟ್ಟಿದ್ದೆನಲ್ಲ, ಗುರುಗಳೇ. ಮತ್ತೇಕೆ ಕೇಳುತ್ತಾರೆ?"

"ಕೇಳುತ್ತಿರುವಷ್ಟು ದಿನ ಏನೂ ಮಾಡಬೇಕಾಗಿಲ್ಲವಲ್ಲ."

"ಹಾಗಾದರೆ ಹೋಗಬಾರದೇ?"

"ದ್ಯಾಮವ್ವ ಅಷ್ಟು ದೂರ ನಡೆಯಬಲ್ಲಳೇ?"

"ನಡೆಯುತ್ತಾಳೆ."

"ಅವಳನ್ನು ಕರೆದುಕೊಂಡು ಹೋಗು. ಈ ಸಲ ಪ್ರಶ್ನೆಯನ್ನು ಅವಳು ಕೇಳಲಿ."