ಕರಡಿ ತಾಯಿಯ ಜಡೆ

ಭೂಮಿ ಆಗ ಹೊಸದು, ಕೂಸೇ. ಗುಡ್ಡದ ಬಂಡೆಗಳನ್ನು ಯಾರೋ ಈಗಷ್ಟೇ ಒಂದರ ಮೇಲೊಂದು ಪೇರಿಸಿಟ್ಟು ಹೋದ ಹಾಗಿತ್ತು. ಹಳ್ಳಕ್ಕೆ ತಾನು ಯಾವ ಕಡೆ ಹರಿಯಬೇಕೆಂದು ಇನ್ನೂ ಗೊತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಿತ್ತು.

ಆ ಕಾಲದ ಕರಡಿ ಈಗಿನ ಹಾಗಿರಲಿಲ್ಲ. ತಲೆಯಿಂದ ಪಾದದವರೆಗೆ ಕಪ್ಪೇ ಕಪ್ಪು. ಕೂದಲು ಉದ್ದ, ಆದರೆ ಬಲು ನುಣುಪು. ಕೈಯಿಟ್ಟರೆ ನೀರಿನ ಹಾಗೆ ಜಾರುತ್ತಿತ್ತು.

ಆ ಗುಡ್ಡದಲ್ಲಿ ಒಂದು ಕರಡಿ ತಾಯಿ ಇದ್ದಳು. ಅವಳಿಗೆ ಎರಡು ಮರಿ. ಮಗಳ ಹೆಸರು ನೇರಳೆ, ಮಗನ ಹೆಸರು ಕವಳಿ. ಹಣ್ಣೆಂದರೆ ತಾಯಿಗೆ ಪ್ರಾಣ, ಅದಕ್ಕೇ ಆ ಹೆಸರು. ನೇರಳೆ ಸುಮ್ಮನಿರುವವಳು. ಕವಳಿ ಮಾತಿನ ಮಲ್ಲ.

ತಾಯಿ ಮೇವಿಗೆ ಹೋದಾಗ ಮರಿಗಳು ಗವಿಯಲ್ಲೇ ಇರುತ್ತಿದ್ದವು. ಒಂದು ದಿನ ಬಂದು ನೋಡುತ್ತಾಳೆ, ಗವಿಯ ಬಾಯಲ್ಲಿ ಚಿರತೆಯ ಹೆಜ್ಜೆ! ಒಳಗೆ ಮರಿಗಳು ಮೂಲೆಗೆ ಅಂಟಿಕೊಂಡು ಕೂತಿದ್ದವು.

"ಅವ್ವಾ, ಯಾರೋ ಬಂದು ನಮ್ಮನ್ನ ಮೂಸಿ ನೋಡಿ ಹೋದರು" ಅಂದ ಕವಳಿ.

ತಾಯಿ ಎರಡನ್ನೂ ಹತ್ತಿರಕ್ಕೆ ಎಳೆದುಕೊಂಡಳು. ಇನ್ನು ಮರಿಗಳನ್ನು ಬಿಟ್ಟು ಹೋಗುವ ಹಾಗಿಲ್ಲ. ಬೆನ್ನ ಮೇಲೆ ಕೂರಿಸಿಕೊಂಡಳು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಎರಡೂ ಜಾರಿ ಬಿದ್ದವು. ಮತ್ತೆ ಕೂರಿಸಿದಳು. ಮತ್ತೆ ಬಿದ್ದವು.

ಆಗ ಗಾಳಿ ಹೇಳಿತು, "ಬಂಡೆಯ ಆಚೆ ಹುಲಿಗೆವ್ವ ಅಂತ ಮುದುಕಿ ಇದ್ದಾಳೆ. ಅವಳ ತಲೆಯಲ್ಲಿ ಜಡೆಕಟ್ಟಿದ ಕೂದಲು. ನಾನು ಎಷ್ಟು ಜೋರಾಗಿ ಬೀಸಿದರೂ ಬಿಚ್ಚೋಕಾಗಲಿಲ್ಲ. ಅವಳನ್ನ ಕೇಳು."

ಹುಲಿಗೆವ್ವ ಒಬ್ಬಳೇ ಇರುವ ಮುದುಕಿ. ಅವಳ ಜಡೆ ಹಗ್ಗದ ಹಾಗೆ ಗಟ್ಟಿಯಾಗಿ ಸೊಂಟದವರೆಗೆ ಇಳಿದಿತ್ತು. ಕರಡಿಯ ಕಥೆ ಕೇಳಿ ಅವಳು ಹತ್ತಿರ ಕೂರಿಸಿಕೊಂಡಳು. ಬೆನ್ನಿನ ಕೂದಲನ್ನು ಸ್ವಲ್ಪ ಸ್ವಲ್ಪವೇ ತೆಗೆದುಕೊಂಡು, ಎರಡು ಅಂಗೈ ನಡುವೆ ಇಟ್ಟು, ಬತ್ತಿ ಹೊಸೆದ ಹಾಗೆ ಹೊಸೆದಳು. ಸಂಜೆಯ ಹೊತ್ತಿಗೆ ಬೆನ್ನ ತುಂಬ ಎಳೆ ಜಡೆ.

"ಇದು ಹಸುಗೂಸಿದ್ದ ಹಾಗೆ ತಂಗಿ" ಅಂದಳು. "ಈಗಲೇ ಭಾರ ಹಾಕಬ್ಯಾಡ. ತೊಳಿ, ಆರಿಸು, ಹೊಸಿ, ತಾಳು. ಹಸಿ ಇದ್ದಂಗ ಮಲಗಬ್ಯಾಡ, ಮುಗ್ಗು ವಾಸನೆ ಹಿಡೀತದ. ಬೇರೆ ಏನೂ ಹಚ್ಚಬ್ಯಾಡ. ತನ್ನಷ್ಟಕ್ಕೆ ತಾನೇ ಗಟ್ಟಿ ಆಗ್ತದ."

"ಎಷ್ಟು ದಿನ ಅವ್ವಾ?"

"ಅದು ಆಗುವಷ್ಟು ದಿನ."

ಕರಡಿ ತಾಯಿ ಹಾಗೆಯೇ ಮಾಡಿದಳು. ಹಳ್ಳದಲ್ಲಿ ತೊಳೆದಳು. ಬಿಸಿಲಲ್ಲಿ ಆರಿಸಿದಳು. ಮರಕ್ಕೆ ಬೆನ್ನು ತಿಕ್ಕಿ ಹೊಸೆದಳು. ಆದರೆ ತಾಳುವುದು ಕಷ್ಟವಾಯಿತು. ಮರಿಗಳನ್ನು ಬಿಟ್ಟು ಹೋಗಲಾರದೆ ಗವಿಯ ಸುತ್ತಲೇ ಮೇಯುತ್ತಿದ್ದಳು. ಅಲ್ಲಿನ ಹುತ್ತಗಳಲ್ಲಿ ಗೆದ್ದಲು ಮುಗಿದವು. ಹಣ್ಣು ಮುಗಿದವು. ಮೊಲೆಯಲ್ಲಿ ಹಾಲು ಬತ್ತುತ್ತಾ ಬಂತು.

"ಅವ್ವಾ, ಹಾಲು ಬರ್ತಿಲ್ಲ" ಅಂದ ಕವಳಿ. ನೇರಳೆ ತಾಯಿಯ ಮುಖ ನೋಡಿದಳು.

ಆಚೆ ಗುಡ್ಡದಲ್ಲಿ ಮೇವು ಬೇಕಾದಷ್ಟಿತ್ತು. ಜಡೆ ಮಾತ್ರ ಇನ್ನೂ ಮೆತ್ತಗೆ, ಎಳೆದರೆ ಬಿಚ್ಚುವ ಹಾಗಿತ್ತು. ತಾಯಿ ಬಂಡೆಯ ಸಂದಿಯಲ್ಲಿದ್ದ ಜೇನುಗೂಡಿನ ಹತ್ತಿರ ಹೋದಳು.

"ಜೇನವ್ವಾ, ನಿನ್ನ ಮೇಣ ಕೊಡು. ಜಡೆಗೆ ಹಚ್ಚಿ ಗಟ್ಟಿ ಮಾಡ್ಕೋತೀನಿ."

"ಮೇಣ ನಮ್ಮ ನೆರಳಿನ ಮನೆಗೆ ಸರಿ" ಅಂದಿತು ಜೇನು. "ನೀನು ಬಿಸಿಲಲ್ಲಿ ನಡೆಯುವವಳು. ಬೇಡ."

"ನನ್ನ ಮಕ್ಕಳು ಹಸಿದಾವ" ಅಂದಳು ತಾಯಿ. ಜೇನು ಸರಿದು ದಾರಿ ಬಿಟ್ಟಿತು.

ಅವಳು ಬೆನ್ನನ್ನು ಗೂಡಿಗೆ ಉಜ್ಜಿದಳು. ಜಡೆಗಳು ಆ ಕ್ಷಣಕ್ಕೇ ಕೋಲಿನಂತೆ ಗಟ್ಟಿಯಾದವು, ಮಿರಮಿರ ಮಿಂಚಿದವು. ಸಾಲದೆಂದು ಇನ್ನಷ್ಟು ಹಚ್ಚಿದಳು. ಹಳೆಯ ಮೇಣದ ಮೇಲೆ ಧೂಳು, ಧೂಳಿನ ಮೇಲೆ ಹೊಸ ಮೇಣ. ಹುಲಿಗೆವ್ವನಿಗೆ ಹೇಳಲಿಲ್ಲ. ಮರಿಗಳನ್ನು ಹತ್ತಿಸಿಕೊಂಡು ಹೊರಟೇಬಿಟ್ಟಳು.

ಬೆಳಗಿನ ತಂಪಿನಲ್ಲಿ ಎಲ್ಲಾ ಚೆನ್ನಾಗಿತ್ತು. ಕವಳಿ ಬೆನ್ನ ಮೇಲೆ ಕೂತು ಕಂಡದ್ದಕ್ಕೆಲ್ಲ ಹೆಸರಿಡುತ್ತಿದ್ದ. ನೇರಳೆ ಕೂಡ ನಕ್ಕಳು.

ಹೊತ್ತು ಏರಿತು. ಬಂಡೆಗಳು ಕಾದವು. ತಾಯಿ ಎತ್ತರದ ಬಂಡೆಯೊಂದನ್ನು ಹತ್ತುತ್ತಿದ್ದಳು. ಕೆಳಗೆ ಆಳವಾದ ಕೊರಕಲು.

"ಅವ್ವಾ, ಜಾರ್ತೀನಿ" ಅಂದ ಕವಳಿ.

"ಗಟ್ಟಿ ಹಿಡ್ಕೊ ನನ್ನಪ್ಪಾ."

"ಹಿಡ್ದೀನವ್ವಾ. ನಿನ್ನ ಕೂದಲೇ ನಿಲ್ಲವಲ್ದು."

ಅಷ್ಟೇ. ಬೆನ್ನು ಒಂದು ಕಡೆ ಹಗುರಾಯಿತು.

ನೇರಳೆ ಹೇಗೋ ಹಲ್ಲಿನಿಂದ ಜಡೆ ಕಚ್ಚಿ ಹಿಡಿದಿದ್ದಳು. ತಾಯಿ ಅವಳನ್ನು ಇಳಿಸಿ ಕೊರಕಲಿಗೆ ಇಳಿದಳು. ಕವಳಿ ಕಲ್ಲುಗಳ ನಡುವೆ ಬಿದ್ದಿದ್ದ. ಎತ್ತಿ ಎದೆಗೆ ಒತ್ತಿಕೊಂಡಳು. ಅವನು ಎರಡೂ ಪುಟ್ಟ ಕೈ ಅಗಲಿಸಿ ತಾಯಿಯ ಎದೆಯನ್ನು ತಬ್ಬಿದ. ಆ ಕೈಗಳ ತುಂಬ ಕರಗಿದ ಮೇಣ.

"ಅವ್ವಾ, ಈಗ ಜಾರಂಗಿಲ್ಲ" ಅಂದ. ಆಮೇಲೆ ಮಾತಾಡಲಿಲ್ಲ.

ತಾಯಿ ಕೂಗಿದ ಕೂಗಿಗೆ ಗಾಳಿ ಬೀಸುವುದನ್ನು ನಿಲ್ಲಿಸಿತು.

ಅವನನ್ನು ಮಣ್ಣು ಮಾಡಿ, ನೇರಳೆಯನ್ನು ಬಾಯಲ್ಲಿ ಕಚ್ಚಿಕೊಂಡು ಅವಳು ಹಳ್ಳಕ್ಕೆ ಬಂದಳು. "ಈ ಮೇಣ ತೊಳಿ. ನನ್ನ ಮೈಮೇಲೆ ಇರಬಾರದು ಇದು" ಅಂದಳು. ಹಳ್ಳ ತನ್ನ ನೀರನ್ನೆಲ್ಲ ಸುರಿಯಿತು. ತಣ್ಣೀರಿಗೆ ಮೇಣ ಇನ್ನೂ ಗಡುಸಾಯಿತು.

"ನನ್ನಿಂದ ಆಗಲ್ಲ ತಾಯೀ" ಅಂತ ಹಳ್ಳ ಅತ್ತಿತು.

ಕೊನೆಗೆ ಹುಲಿಗೆವ್ವನ ಬಾಗಿಲಿಗೆ ಹೋದಳು. ಮುದುಕಿ ಅವಳ ಬೆನ್ನು ನೋಡಿದಳು. ಒಂದೇ ಮರಿ ಇದ್ದದ್ದನ್ನು ನೋಡಿದಳು. ಬೈಯಲಿಲ್ಲ. ಯಾಕೆ ಹೀಗೆ ಮಾಡಿದೆ ಎಂದು ಕೇಳಲಿಲ್ಲ.

"ಕೂಡು ತಂಗಿ" ಅಂದಳು.

ಬಂಡೆಯ ಕುಳಿಯಲ್ಲಿ ನಿಂತ ನೀರಿಗೆ ಕಾದ ಕಲ್ಲು ಹಾಕಿ ಬಿಸಿ ಮಾಡಿದಳು. ಅಂಟವಾಳದ ಕಾಯಿ ಕಿವುಚಿ ನೊರೆ ಬರಿಸಿದಳು. ಒಂದೊಂದೇ ಜಡೆಯನ್ನು ಬಿಸಿನೀರಿನಲ್ಲಿ ನೆನೆಸಿ, ಬೆರಳಿನಿಂದ ಬುಡದಿಂದ ತುದಿಗೆ ಹಿಂಡಿದಳು. ಮೇಣ ಕರಗಿ ನೀರಿನ ಮೇಲೆ ತೇಲಿತು. ಎಲೆಯಿಂದ ಬಾಚಿ ತೆಗೆದಳು. ಒಂದೇ ಸಲಕ್ಕೆ ಹೋಗುವಂಥದ್ದಲ್ಲ ಅದು. ಮರುದಿನ ಮತ್ತೆ ಕಾಯಿಸಿದಳು, ಮತ್ತೆ ನೆನೆಸಿದಳು, ಮತ್ತೆ ಹಿಂಡಿದಳು. ಕರಡಿ ಮಿಸುಕಾಡದೆ ಕೂತಿದ್ದಳು, ಕಣ್ಣಲ್ಲಿ ನೀರು ಇಳಿಯುತ್ತಲೇ ಇತ್ತು. ಅವಳಿಗೂ ಮರಿಗೂ ಬೇಕಾದ ಹಣ್ಣನ್ನು ಮುದುಕಿಯೇ ತಂದು ಹಾಕಿದಳು.

ಬೆನ್ನೆಲ್ಲ ಹಸನಾಯಿತು. ಹುಲಿಗೆವ್ವ ಎದೆಯ ಕಡೆ ಕೈ ತಂದಳು. ಅಲ್ಲಿ ಎರಡು ಪುಟ್ಟ ತೋಳುಗಳ ಉದ್ದಕ್ಕೆ ಬಿಳಿಯ ಮೇಣ ಹೆಪ್ಪುಗಟ್ಟಿತ್ತು.

ಕರಡಿ ತಾಯಿ ಅವಳ ಕೈ ಹಿಡಿದಳು. "ಅದೊಂದು ಬ್ಯಾಡ ಅವ್ವಾ. ಅದು ಅವನ ಕೈ."

ಮುದುಕಿ ಕೈ ಹಿಂದಕ್ಕೆ ತೆಗೆದುಕೊಂಡಳು. ಕರಡಿಯ ತಲೆಯನ್ನು ತನ್ನ ತೊಡೆಗೆ ಒರಗಿಸಿ, ತಾನೂ ಅತ್ತಳು.

ದಿನ ಹೋದ ಹಾಗೆ ಬೆನ್ನಿನ ಜಡೆಗಳು ತಾವಾಗಿಯೇ ಒರಟಾಗಿ, ಗಟ್ಟಿಯಾಗಿ ಕಟ್ಟಿದವು. ನೇರಳೆ ಅವುಗಳನ್ನು ಹಿಡಿದು ಗುಡ್ಡಗುಡ್ಡ ಸುತ್ತಿದಳು, ಒಮ್ಮೆಯೂ ಜಾರಲಿಲ್ಲ. ಮಲಗುವಾಗ ತಮ್ಮನ ಗುರುತಿಗೆ ಎದೆಯೊತ್ತಿ ಮಲಗುತ್ತಿದ್ದಳು. ಹಾಗೆ ಮಲಗಿ ಮಲಗಿ ಅವಳ ಎದೆಗೂ ಆ ಬಿಳುಪು ಹತ್ತಿತು. ಅವಳಿಂದ ಅವಳ ಮರಿಗಳಿಗೆ ಬಂತು.

ಅದಕ್ಕೇ ಕೂಸೇ, ಇವತ್ತಿಗೂ ಕರಡಿ ತನ್ನ ಮರಿಗಳನ್ನು ಜಡೆಗಟ್ಟಿದ ಬೆನ್ನ ಮೇಲೆ ಹೊತ್ತೇ ನಡೆಯುತ್ತದೆ. ಮತ್ತೆ ಅದು ಎದ್ದು ನಿಂತಾಗ ನೋಡು, ಎದೆಯ ಮೇಲೆ ಒಂದು ಮರಿ ತೋಳು ಚಾಚಿ ತಬ್ಬಿದಷ್ಟೇ ಅಗಲಕ್ಕೆ ಬಿಳಿಯ ಗುರುತು ಕಾಣುತ್ತದೆ.